ಸೀಮಿತ ಆವೃತ್ತಿಯ ಸ್ಪೋರ್ಟ್ಸ್ ಕಾರಿಗೆ ಮುಂಗಡ ಕಟ್ಟುವ ಕ್ರಮ: ದಾವಣಗೆರೆ, ಚಿತ್ರದುರ್ಗದ ಖರೀದಿದಾರರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಸೀಮಿತ ಆವೃತ್ತಿಯ ಕಾರಿಗೆ ಮುಂಗಡ ಕಟ್ಟಲು ಹೊರಟವರು ಬಹುಪಾಲು ಒಂದೇ ಜಾಗದಲ್ಲಿ ಎಡವುತ್ತಾರೆ. ಹಣವನ್ನು ಮೊದಲು ಕಳುಹಿಸಿ, ಕಾಗದವನ್ನು ಆಮೇಲೆ ಕೇಳುತ್ತಾರೆ. ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳವನ್ನೋ, ಚನ್ನಗಿರಿ, ಹೊಳಲ್ಕೆರೆಯ ಅಡಿಕೆಯನ್ನೋ ಬಾಯಿಮಾತಿನ ಮೇಲೆ ಕೊಂಡು ಮಾರಿ ರೂಢಿಯಾದವರಿಗೆ ಇದು ಸಹಜವಾಗಿಯೇ ಬರುತ್ತದೆ. ಅಲ್ಲಿ ಎದುರಿಗಿರುವವರು ಪರಿಚಿತರು, ಮುಂದಿನ ಸುಗ್ಗಿಗೂ ಅದೇ ಅಂಗಡಿಯಲ್ಲಿ ಸಿಗುವವರು. ಕಾರಿನ ವ್ಯವಹಾರದಲ್ಲಿ ಮಾತು ಕೊಟ್ಟ ಮಾರಾಟ ಪ್ರತಿನಿಧಿಯು ಕಾರು ಬಂದಿಳಿಯುವ ಹೊತ್ತಿಗೆ ಬೇರೆ ಕಂಪನಿ ಸೇರಿರುವ ಸಾಧ್ಯತೆಯೇ ಹೆಚ್ಚು.

ಮುಂಗಡವು ಕಾರಿನ ಬೆಲೆಯ ಮೊದಲ ಕಂತು ಎಂಬ ಭಾವನೆಯನ್ನೂ ಮೊದಲೇ ಬಿಡಬೇಕು. ಆ ಹಂತದಲ್ಲಿ ಕಾರು ತಯಾರಾಗಿರುವುದಿಲ್ಲ, ಎಷ್ಟೋ ಸಲ ಅಂತಿಮ ಬೆಲೆಯೂ ನಿಗದಿಯಾಗಿರುವುದಿಲ್ಲ. ನೀವು ಕೊಳ್ಳುತ್ತಿರುವುದು ಸಾಲಿನಲ್ಲಿ ಒಂದು ಸ್ಥಾನವನ್ನು. ಆ ಸ್ಥಾನ ಯಾರ ಹೆಸರಿನಲ್ಲಿದೆ, ಎಷ್ಟು ಖಚಿತ, ಯಾವ ದಿನದವರೆಗೆ ಹಣ ಹಿಂದಕ್ಕೆ ಬರುತ್ತದೆ ಎಂಬುದನ್ನು ಹೇಳುವುದು ಕಾಗದ ಮಾತ್ರ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು.

ಮೊದಲು ಕೈಯಲ್ಲಿ ಇರಬೇಕಾದವು

ಪ್ಯಾನ್, ಆಧಾರ್, ದಾವಣಗೆರೆ ಅಥವಾ ಚಿತ್ರದುರ್ಗದ ವಿಳಾಸದ ಪುರಾವೆ, ಹಣ ಹೋಗಲಿರುವ ಬ್ಯಾಂಕ್ ಖಾತೆಯ ವಿವರ ಮತ್ತು ಸಾಲ ಪಡೆಯುವುದಾದರೆ ಬ್ಯಾಂಕಿನ ತಾತ್ವಿಕ ಮಂಜೂರಾತಿ ಪತ್ರ ಬೇಕು. ಇವುಗಳ ಜೊತೆಗೆ ಈ ವ್ಯವಹಾರಕ್ಕಾಗಿಯೇ ಒಂದು ಇ-ಮೇಲ್ ವಿಳಾಸವನ್ನು ಮೀಸಲಿಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿ ಭರವಸೆಯನ್ನೂ ಅದೇ ದಿನ ಇ-ಮೇಲ್‌ನಲ್ಲಿ ಬರೆದು, ‘ನಿಮ್ಮ ಮಾತನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ, ತಪ್ಪಿದ್ದರೆ ತಿಳಿಸಿ’ ಎಂದು ಡೀಲರಿಗೆ ಕಳುಹಿಸುವ ಅಭ್ಯಾಸವು ಮುಂದೆ ವಕೀಲರ ಶುಲ್ಕದಷ್ಟೇ ಬೆಲೆ ಬಾಳುತ್ತದೆ.

ಹಂತ 1: ಆ ಕಾರು ಭಾರತಕ್ಕೆ ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ

ವಿದೇಶದಲ್ಲಿ ಬಿಡುಗಡೆಯಾದ ಪ್ರತಿ ವಿಶೇಷ ಕಾರೂ ಇಲ್ಲಿಗೆ ಬರುವುದಿಲ್ಲ. ಆಮದಾಗುವ ಹೊಸ ಕಾರಿನ ಸ್ಟೀರಿಂಗ್ ಬಲಗಡೆ ಇರಬೇಕೆಂಬುದು ನಮ್ಮ ಆಮದು ನಿಯಮ. 918 ಕಾರುಗಳಷ್ಟೇ ತಯಾರಾದ ಪೋರ್ಷೆ 918 ಸ್ಪೈಡರ್ ಮತ್ತು ಫೆರಾರಿಯ ಲಾಫೆರಾರಿ ಎಡಗಡೆ ಸ್ಟೀರಿಂಗ್‌ನಲ್ಲಿ ಮಾತ್ರ ಬಂದವು. ಅಂಥ ಕಾರಿಗೆ ಎಷ್ಟು ಹಣ ಸುರಿದರೂ ಇಲ್ಲಿ ಸಾಮಾನ್ಯ ಖರೀದಿದಾರನ ಹೆಸರಿಗೆ ನೋಂದಣಿಯಾಗುವ ದಾರಿ ಇಲ್ಲ. ಆದ್ದರಿಂದ ಡೀಲರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. ಬಲಗಡೆ ಸ್ಟೀರಿಂಗ್‌ನ ಆವೃತ್ತಿ ತಯಾರಾಗುತ್ತದೆಯೇ, ಭಾರತದ ಪಾಲಿಗೆ ಎಷ್ಟು ಕಾರುಗಳು ಮೀಸಲಾಗಿವೆ ಎಂದು ಕೇಳಬೇಕು.

ಒಟ್ಟು ಸಂಖ್ಯೆಯನ್ನು ನೋಡಿ ಮರುಳಾಗುವುದು ಬೇಡ. ಪೋರ್ಷೆ 911 ಎಸ್/ಟಿ 1,963 ಕಾರುಗಳಿಗೆ ಸೀಮಿತವಾಗಿತ್ತು, 911 ಡಕಾರ್ 2,500ಕ್ಕೆ, ಫೆರಾರಿ ಎಫ್80 ಬರೀ 799ಕ್ಕೆ. ಇವು ಜಗತ್ತಿಗೆಲ್ಲ ಸೇರಿದ ಲೆಕ್ಕ. ಅದರಲ್ಲಿ ನಿಮ್ಮ ಡೀಲರಿನ ಪಾಲಿಗೆ ಒಂದು ಬಂದರೂ ಬರಬಹುದು, ಒಂದೂ ಬಾರದಿರಬಹುದು. ಇಂಥ ಕಾರುಗಳನ್ನು ತಯಾರಕರು ಸಾಮಾನ್ಯವಾಗಿ ತಮ್ಮ ಹಳೆಯ ಗ್ರಾಹಕರಿಗೆ ಮೊದಲು ಕೊಡುತ್ತಾರೆ. ಆ ಕಂಪನಿಯ ಒಂದು ಕಾರನ್ನೂ ಕೊಳ್ಳದ ನಿಮಗೆ ಅಪರಿಚಿತನೊಬ್ಬ ಕರೆಮಾಡಿ, ‘ಅಣ್ಣಾ, ಒಂದು ಸ್ಲಾಟ್ ಉಳಿದಿದೆ, ಇವತ್ತು ಸಂಜೆಯೊಳಗೆ ಹಾಕಿಬಿಡಿ’ ಎಂದರೆ ಫೋನ್ ಇಟ್ಟುಬಿಡುವುದೇ ಕ್ಷೇಮ.

ಹಂತ 2: ಯಾರ ಹೆಸರಿನಲ್ಲಿ ಎಂಬುದನ್ನು ಮನೆಯಲ್ಲಿಯೇ ತೀರ್ಮಾನಿಸಿ

ಅವಿಭಕ್ತ ಕುಟುಂಬದ ವ್ಯಾಪಾರ ಇರುವ ಮನೆಗಳಲ್ಲಿ ಈ ಹಂತ ಅತ್ಯಂತ ಹೆಚ್ಚು ಕೆಡುತ್ತದೆ. ಬುಕಿಂಗ್ ಮಗನ ಹೆಸರಿನಲ್ಲಿ, ಹಣ ತಂದೆಯ ಖಾತೆಯಿಂದ, ಉಳಿದದ್ದು ಅಂಗಡಿಯ ಚಾಲ್ತಿ ಖಾತೆಯಿಂದ ಎಂಬಂತಾದರೆ ಮುಂದೆ ಮೂರು ಕಡೆ ತೊಡಕು. ಬುಕಿಂಗ್ ಫಾರ್ಮ್, ಹಣ ಹೋದ ಖಾತೆ, ಇನ್‌ವಾಯ್ಸ್ ಮತ್ತು ನೋಂದಣಿ, ಈ ನಾಲ್ಕರಲ್ಲೂ ಒಂದೇ ಹೆಸರು, ಒಂದೇ ಪ್ಯಾನ್ ಇರಬೇಕು. 10 ಲಕ್ಷ ರೂಪಾಯಿಗೆ ಮೀರಿದ ಕಾರಿನ ಮೇಲೆ ಮಾರಾಟಗಾರರು ಶೇ. 1ರಷ್ಟು ಆದಾಯ ತೆರಿಗೆಯನ್ನು ಮೂಲದಲ್ಲಿಯೇ ಸಂಗ್ರಹಿಸುತ್ತಾರೆ. ಹಣ ಸ್ವೀಕರಿಸುವಾಗಲೇ ಸಂಗ್ರಹಿಸುವ ತೆರಿಗೆ ಇದಾದ್ದರಿಂದ ಮುಂಗಡದ ಮೇಲೂ ಕೇಳಬಹುದು. ಅದು ಯಾವ ಪ್ಯಾನ್‌ಗೆ ಜಮೆಯಾಯಿತೋ ಅವರಿಗೆ ಮಾತ್ರ ರಿಟರ್ನ್ಸ್ ಸಲ್ಲಿಸುವಾಗ ಹೊಂದಾಣಿಕೆ ಸಿಗುತ್ತದೆ.

ಅಂಗಡಿಯ ಅಥವಾ ಮಿಲ್ಲಿನ ಹೆಸರಿನಲ್ಲಿ ಕೊಂಡರೆ ತೆರಿಗೆ ಉಳಿಯುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ. ವ್ಯವಹಾರಕ್ಕೆ ಬಳಸಿದ ಮಟ್ಟಿಗೆ ಸವಕಳಿ, ಅಂದರೆ ಕಾರಿನ ಮೌಲ್ಯ ವರ್ಷ ವರ್ಷ ಇಳಿಯುವುದಕ್ಕೆ ಆದಾಯದಲ್ಲಿ ಕಡಿತ, ಸಿಗಬಹುದು. ಆದರೆ ಇಂಥ ಪ್ರಯಾಣಿಕ ಕಾರಿನ ಜಿಎಸ್‌ಟಿಗೆ ಸಾಮಾನ್ಯ ವ್ಯಾಪಾರಿಗೆ ಹೂಡುವಳಿ ತೆರಿಗೆ ಜಮೆ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ದೊರೆಯುವುದಿಲ್ಲ. ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಗ್ರಾಹಕ ಸಂರಕ್ಷಣಾ ಕಾಯಿದೆಯು ವಾಣಿಜ್ಯ ಉದ್ದೇಶದ ಖರೀದಿದಾರರನ್ನು ‘ಗ್ರಾಹಕ’ ಎಂದು ಪರಿಗಣಿಸುವುದಿಲ್ಲ. ಸಂಸ್ಥೆಯ ಹೆಸರಿನಲ್ಲಿ ಬುಕ್ ಮಾಡಿದರೆ ನಾಳೆ ಮುಂಗಡದ ಜಗಳ ಬಂದಾಗ ಎದುರು ಪಕ್ಷ ಎತ್ತುವ ಮೊದಲ ಆಕ್ಷೇಪಣೆ ಅದೇ ಆಗಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಶೋಕಿಯ ಕಾರನ್ನು ಸ್ವಂತ ಹೆಸರಿನಲ್ಲಿ, ತೆರಿಗೆ ಕಟ್ಟಿದ ಹಣದಲ್ಲಿ ಕೊಳ್ಳುವುದೇ ನೆಮ್ಮದಿ.

ಹಂತ 3: ಮನೆ ಬಾಗಿಲಿಗೆ ಬರುವ ಪೂರ್ತಿ ಬೆಲೆಯನ್ನು ಲೆಕ್ಕ ಹಾಕಿ

ಷೋರೂಮ್ ಬೆಲೆ ಅರ್ಧ ಕಥೆ ಮಾತ್ರ. ಕರ್ನಾಟಕದಲ್ಲಿ 20 ಲಕ್ಷಕ್ಕೆ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಉಪಕರ ಸೇರಿದರೆ ಹತ್ತಿರ ಹತ್ತಿರ ಶೇ. 20. ಷೋರೂಮ್ ಬೆಲೆ 3 ಕೋಟಿ ಎಂದಿಟ್ಟುಕೊಂಡರೆ ಈ ಒಂದು ಬಾಬ್ತಿಗೇ ಸುಮಾರು 60 ಲಕ್ಷ ರೂಪಾಯಿ ಬೇಕು. ಮೂಲದಲ್ಲಿ ಸಂಗ್ರಹಿಸುವ ತೆರಿಗೆ 3 ಲಕ್ಷ ಬೇರೆ. ಇದಲ್ಲದೆ ಮೊದಲ ವರ್ಷದ ಸ್ವಂತ ಹಾನಿಯ ವಿಮೆ ಮತ್ತು ಹೊಸ ಕಾರಿಗೆ ಕಡ್ಡಾಯವಾದ ಮೂರು ವರ್ಷಗಳ ಮೂರನೆಯ ವ್ಯಕ್ತಿ ವಿಮೆಯೂ ಸೇರುತ್ತವೆ. ಬ್ಯಾಂಕು ಇಷ್ಟೆಲ್ಲಕ್ಕೂ ಸಾಲ ಕೊಡುತ್ತದೆಂದು ಊಹಿಸಿಕೊಂಡು ಮುಂಗಡ ಕಟ್ಟಿದವರು ಕೊನೆಯ ವಾರದಲ್ಲಿ ಕೈಸಾಲಕ್ಕೆ ಓಡಾಡುತ್ತಾರೆ.

ತೆರಿಗೆ ಉಳಿಸಲು ಬೇರೆ ರಾಜ್ಯದಲ್ಲಿ ನೋಂದಣಿ ಮಾಡಿಸುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. 2025ರಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ಹೊರರಾಜ್ಯದ ನೋಂದಣಿಯ ದುಬಾರಿ ಕಾರುಗಳನ್ನು ತಡೆದು ತೆರಿಗೆ ವಸೂಲಿ ಮಾಡಿದರು. ಒಂದು ಫೆರಾರಿ ಕಾರಿಗೆ ಕೋಟಿ ರೂಪಾಯಿಗೂ ಮೀರಿದ ಮೊತ್ತ ಕಟ್ಟಬೇಕಾಯಿತು. ಹಳೇ ದಾವಣಗೆರೆಯ ಗಲ್ಲಿಯಲ್ಲಿ ಅಡಗಿಸಿಡಬಹುದಾದ ವಾಹನವಂತೂ ಇದಲ್ಲ.

ಪೂರ್ಣ ತಯಾರಾಗಿ ಬರುವ ವಿದೇಶಿ ಕಾರಿನ ಬೆಲೆಯು ವಿನಿಮಯ ದರ, ಆಮದು ಸುಂಕ ಮತ್ತು ಜಿಎಸ್‌ಟಿ ಮೂರರ ಮೇಲೂ ನಿಂತಿರುತ್ತದೆ. ದೊಡ್ಡ ಕಾರುಗಳ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 40ಕ್ಕೆ ನಿಗದಿಪಡಿಸಿ, ಅದರ ಜೊತೆಗೆ ಹೆಚ್ಚುವರಿಯಾಗಿ ಹಾಕುತ್ತಿದ್ದ ಪರಿಹಾರ ಸೆಸ್ಸನ್ನು ತೆಗೆಯಲಾಯಿತು. ಅದಕ್ಕೆ ಮೊದಲು ಬುಕ್ ಮಾಡಿ ಆಮೇಲೆ ಕಾರು ಪಡೆದವರಿಗೆ ಹೊಸ ದರವೇ ಅನ್ವಯವಾಯಿತು. ಆ ಸಲ ಬದಲಾವಣೆ ಖರೀದಿದಾರರ ಪರವಾಗಿತ್ತು, ಪ್ರತಿ ಸಲವೂ ಹಾಗೆಯೇ ಆಗಬೇಕೆಂದಿಲ್ಲ. ರೂಪಾಯಿ ಕುಸಿದರೂ ತಡೆದುಕೊಳ್ಳುವಷ್ಟು ಅಂತರವನ್ನು ಇಟ್ಟುಕೊಂಡೇ ಮುಂದೆ ಹೋಗಿ.

ಹಂತ 4: ಹಣಕ್ಕೆ ಮೊದಲು ಅಲಾಟ್‌ಮೆಂಟ್ ಪತ್ರ ಪಡೆಯಿರಿ

ಇಲ್ಲಿ ಎರಡು ಕಾಗದಗಳನ್ನು ಜನ ಒಂದೇ ಎಂದು ಭಾವಿಸುತ್ತಾರೆ. ಆಸಕ್ತಿ ಪತ್ರ ಎಂಬುದು ‘ನನಗೂ ಬೇಕು’ ಎಂದು ನೀವು ಡೀಲರಿಗೆ ಬರೆದುಕೊಡುವುದು. ಅದರಿಂದ ಡೀಲರಿನ ಮೇಲೆ ಯಾವ ಬಾಧ್ಯತೆಯೂ ಹುಟ್ಟುವುದಿಲ್ಲ. ಅಲಾಟ್‌ಮೆಂಟ್ ಪತ್ರ ಎಂಬುದು ತಯಾರಕರು ಈ ಡೀಲರಿಗೆ ಒಂದು ಕಾರನ್ನು ಮಂಜೂರು ಮಾಡಿದ್ದಾರೆ, ಅದನ್ನು ಡೀಲರು ನಿಮ್ಮ ಹೆಸರಿಗೆ ಕಟ್ಟಿಟ್ಟಿದ್ದಾರೆ ಎಂದು ಹೇಳುವುದು. ಆಸಕ್ತಿ ಪತ್ರದ ಹಂತದಲ್ಲಿ ಹಣ ಕೊಡುವುದೇ ಆದರೆ ಅದು ಚಿಕ್ಕ ಮೊತ್ತವಾಗಿರಲಿ, ಪೂರ್ತಿ ಹಿಂದಿರುಗಿಸುವಂಥದ್ದೆಂದು ರಸೀದಿಯಲ್ಲಿಯೇ ಬರೆದಿರಲಿ. ದೊಡ್ಡ ಮೊತ್ತ ಹೋಗಬೇಕಾದದ್ದು ಅಲಾಟ್‌ಮೆಂಟ್ ಪತ್ರ ಕೈಗೆ ಬಂದ ಮೇಲೆಯೇ.

ಆ ಪತ್ರದಲ್ಲಿ ಮಾದರಿಯ ಪೂರ್ಣ ಹೆಸರು, ಸ್ಟೀರಿಂಗ್ ಯಾವ ಕಡೆ, ತಯಾರಿಕೆಯ ಅಂದಾಜು ತಿಂಗಳು, ತಯಾರಕರ ಆರ್ಡರ್ ಸಂಖ್ಯೆ, ನಿಮ್ಮ ಹೆಸರು ಮತ್ತು ಡೀಲರ್ ಸಂಸ್ಥೆಯ ಅಧಿಕೃತ ಸಹಿ ಇರಬೇಕು. ಆರ್ಡರ್ ಸಂಖ್ಯೆ ಸಿಕ್ಕ ಕೂಡಲೇ ತಯಾರಕರ ಭಾರತೀಯ ಘಟಕದ ಗ್ರಾಹಕ ಸೇವಾ ವಿಭಾಗಕ್ಕೆ ಬರೆದು, ಈ ಡೀಲರು ನಿಮ್ಮ ಅಧಿಕೃತರೇ, ಈ ಆರ್ಡರ್ ನಿಮ್ಮ ದಾಖಲೆಯಲ್ಲಿದೆಯೇ ಎಂದು ಕೇಳಿ. ‘ಕಂಪನಿಗೆ ನೇರವಾಗಿ ಬರೆದರೆ ಸ್ಲಾಟ್ ಹೋಗುತ್ತದೆ’ ಎಂದು ಡೀಲರು ಹೆದರಿಸಿದರೆ, ಆ ಕಂಪನಿಯ ಪುಸ್ತಕದಲ್ಲಿ ನಿಮ್ಮ ಹೆಸರೇ ಇಲ್ಲವೆಂದು ತಿಳಿದು ಹಿಂದೆ ಸರಿಯಿರಿ.

ತನ್ನ ಸ್ಲಾಟನ್ನು ಹೆಚ್ಚುವರಿ ಹಣಕ್ಕೆ ಬಿಟ್ಟುಕೊಡುತ್ತೇನೆ ಎನ್ನುವ ಮೂರನೆಯವರ ಪ್ರಸ್ತಾಪವೂ ಇದೇ ಜಾತಿಯದು. ಬುಕಿಂಗನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ ಎಂಬ ಷರತ್ತು ಇಂಥ ಒಪ್ಪಂದಗಳಲ್ಲಿ ಸಾಮಾನ್ಯ. ಕೊಟ್ಟ ಹೆಚ್ಚುವರಿ ಹಣಕ್ಕೆ ರಸೀದಿಯೂ ಇರುವುದಿಲ್ಲ.

ಹಂತ 5: ಷರತ್ತುಗಳನ್ನು ಓದಿ, ತಿದ್ದಿಸಿ, ಆಮೇಲೆ ಸಹಿ ಹಾಕಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಬೇಡುವ ಹಂತ ಇದು. ಬುಕಿಂಗ್ ಫಾರ್ಮಿನ ಹಿಂಭಾಗದ ಸಣ್ಣ ಅಕ್ಷರಗಳನ್ನು ಷೋರೂಮಿನ ಸೋಫಾದಲ್ಲಿ ಕಾಫಿ ಕುಡಿಯುತ್ತ ಓದಲಾಗದು. ಫಾರ್ಮನ್ನು ಊರಿಗೆ ತರಿಸಿಕೊಂಡು, ವಕೀಲರಿಗೂ ಆಡಿಟರಿಗೂ ತೋರಿಸಿ, ಐದು ಸಂಗತಿಗಳನ್ನು ಹುಡುಕಬೇಕು.

ಮೊದಲನೆಯದು ಹಣದ ಸ್ವರೂಪ. ವ್ಯವಹಾರ ಮುರಿದರೆ ಮುಟ್ಟುಗೋಲು ಹಾಕಿಕೊಳ್ಳುವ ಖಚಿತ ಠೇವಣಿ ಬೇರೆ, ಬೆಲೆಯ ಭಾಗವಾಗಿ ಕೊಟ್ಟ ಮುಂಗಡ ಬೇರೆ ಎಂಬ ವ್ಯತ್ಯಾಸವನ್ನು ಸರ್ವೋಚ್ಚ ನ್ಯಾಯಾಲಯವು 2012ರ ತೀರ್ಪೊಂದರಲ್ಲಿ ಸ್ಪಷ್ಟವಾಗಿ ಹೇಳಿದೆ. ಭಾರತೀಯ ಕರಾರು ಕಾಯಿದೆಯ 74ನೆಯ ಕಲಮು ಕೂಡ ಕರಾರು ಮುರಿದಾಗ ಸಮಂಜಸ ಪರಿಹಾರಕ್ಕಿಂತ ಹೆಚ್ಚನ್ನು ಒಪ್ಪುವುದಿಲ್ಲ. ಆದರೂ ಕಾಗದದಲ್ಲಿ ‘ಯಾವ ಸಂದರ್ಭದಲ್ಲಿಯೂ ಹಿಂದಿರುಗಿಸಲಾಗದು’ ಎಂದಿದ್ದರೆ ಆ ವಾದವನ್ನು ನೀವು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಮಾಡಬೇಕಾಗುತ್ತದೆ. ಅದರ ಬದಲು, ಕಾರಿನ ವಿವರ ಅಂತಿಮಗೊಳಿಸುವ ದಿನದವರೆಗೆ ಪೂರ್ತಿ ಹಿಂದಿರುಗಿಸತಕ್ಕದ್ದು, ಆನಂತರ ಇಂತಿಷ್ಟು ಮಾತ್ರ ಕಡಿತ ಎಂದು ಅಂಕಿಯಲ್ಲಿಯೇ ಬರೆಸಿ.

ಎರಡನೆಯದು ಬೆಲೆ. ‘ವಿತರಣೆಯ ದಿನದ ಬೆಲೆ ಅನ್ವಯ’ ಎಂಬ ಷರತ್ತನ್ನು ತೆಗೆಸುವುದು ಕಷ್ಟ. ಆದರೆ ಬೆಲೆ ಒಂದು ಮಿತಿಯನ್ನು ಮೀರಿ ಏರಿದರೆ ಖರೀದಿದಾರರು ಕಡಿತವಿಲ್ಲದೆ ಹಿಂದೆ ಸರಿಯಬಹುದು ಎಂಬ ಸಾಲನ್ನು ಸೇರಿಸಲು ಡೀಲರುಗಳು ಒಪ್ಪುವುದುಂಟು. ಕೇಳದವರಿಗೆ ಸಿಗುವುದಿಲ್ಲ ಅಷ್ಟೆ.

ಮೂರನೆಯದು ಕಾರಿನ ವಿವರ. ಜಾಗ್ವಾರ್ ಕಂಪನಿ 1988ರಲ್ಲಿ ಎಕ್ಸ್‌ಜೆ220 ಕಾರನ್ನು ಹನ್ನೆರಡು ಸಿಲಿಂಡರ್ ಎಂಜಿನ್, ನಾಲ್ಕೂ ಚಕ್ರಗಳ ಚಾಲನೆಯೊಂದಿಗೆ ಪ್ರದರ್ಶಿಸಿ, ಆಮೇಲೆ 50,000 ಪೌಂಡ್ ಮುಂಗಡ ಪಡೆಯಿತು. ಕೊನೆಗೆ ತಯಾರಾಗಿ ಬಂದದ್ದು ಆರು ಸಿಲಿಂಡರಿನ, ಹಿಂಚಕ್ರ ಚಾಲನೆಯ ಕಾರು. ಮುಂಗಡ ಕಟ್ಟಿದವರ ವಿವಾದ ನ್ಯಾಯಾಲಯದವರೆಗೂ ಹೋಯಿತು. ಎಂಜಿನ್, ಗೇರ್‌ಬಾಕ್ಸ್, ಶಕ್ತಿ ಮತ್ತು ಒಟ್ಟು ತಯಾರಿಕೆಯ ಸಂಖ್ಯೆ ಬದಲಾದರೆ ಏನೆಂಬುದು ನಿಮ್ಮ ಕಾಗದದಲ್ಲಿ ಇರಲಿ. 500 ಎಂದು ಹೇಳಿ 900 ತಯಾರಿಸಿದರೆ ‘ಸೀಮಿತ’ ಎಂಬುದಕ್ಕಾಗಿ ಕೊಟ್ಟ ಹಣ ಎಲ್ಲಿಗೆ ಹೋಯಿತು?

ನಾಲ್ಕನೆಯದು ಅವಧಿ. ಟೆಸ್ಲಾ ಕಂಪನಿ 2017ರಲ್ಲಿ ಹೊಸ ರೋಡ್‌ಸ್ಟರ್ ಕಾರನ್ನು ತೋರಿಸಿ, 1,000 ಕಾರುಗಳ ವಿಶೇಷ ಆವೃತ್ತಿಗೆ ಪೂರ್ತಿ 2,50,000 ಡಾಲರನ್ನು ಮುಂಚಿತವಾಗಿಯೇ ಕೇಳಿತು. 2020ಕ್ಕೆ ಬರಬೇಕಿದ್ದ ಕಾರು 2025ರ ಕೊನೆಗೂ ಗ್ರಾಹಕರ ಕೈ ಸೇರಿರಲಿಲ್ಲ. ನಿಮ್ಮ ಕಾಗದದಲ್ಲಿ ಒಂದು ಕಡೆಯ ದಿನಾಂಕ ಇರಲಿ, ಅದು ಮೀರಿದರೆ ಬಡ್ಡಿ ಸಹಿತ ಹಣ ಹಿಂದಕ್ಕೆ ಎಂದಿರಲಿ.

ಐದನೆಯದು ಮರುಮಾರಾಟದ ನಿರ್ಬಂಧ. ಎರಡು ವರ್ಷ ಮಾರುವಂತಿಲ್ಲ ಎಂಬ ಒಪ್ಪಂದವನ್ನು ಮುರಿದರೆಂದು ಫೋರ್ಡ್ ಕಂಪನಿ 2017ರಲ್ಲಿ ಕುಸ್ತಿಪಟು ಮತ್ತು ನಟ ಜಾನ್ ಸೀನಾ ಅವರ ಮೇಲೆ ಫೋರ್ಡ್ ಜಿಟಿ ಕಾರಿನ ವಿಷಯದಲ್ಲಿ ಮೊಕದ್ದಮೆ ಹೂಡಿತ್ತು. 2018ರಲ್ಲಿ ಅದು ರಾಜಿಯಾಯಿತು. ಕಾರು ಬಂದ ಕೂಡಲೇ ಲಾಭಕ್ಕೆ ಮಾರುವ ಲೆಕ್ಕದಲ್ಲಿ ಮುಂಗಡ ಕಟ್ಟುವವರು ಈ ಷರತ್ತನ್ನು ಎರಡು ಸಲ ಓದಬೇಕು.

ಸಾಲದ ಮೇಲೆ ಕೊಳ್ಳುವವರು ಇನ್ನೊಂದು ಸಾಲು ಸೇರಿಸಬೇಕು: ಬ್ಯಾಂಕು ಸಾಲ ಮಂಜೂರು ಮಾಡದಿದ್ದಲ್ಲಿ ಮುಂಗಡ ಕಡಿತವಿಲ್ಲದೆ ವಾಪಸ್.

ಹಂತ 6: ಹಣ ಕಳುಹಿಸಿ

ನಗದು ಬೇಡ. ಒಂದು ವ್ಯವಹಾರಕ್ಕೆ ಸಂಬಂಧಿಸಿ 2 ಲಕ್ಷ ಅಥವಾ ಅದಕ್ಕೆ ಮೀರಿದ ನಗದನ್ನು ಯಾರೂ ಸ್ವೀಕರಿಸುವಂತಿಲ್ಲ. ಅಡಿಕೆ ಮಾರಿದ ಹಣ ಕೃಷಿ ಆದಾಯವೇ ಆಗಿದ್ದರೂ ಈ ಮಿತಿಗೆ ವಿನಾಯಿತಿ ಇಲ್ಲ. ಅದನ್ನು ಮೊದಲು ಬ್ಯಾಂಕಿಗೆ ತುಂಬಿ, ಎಪಿಎಂಸಿಯ ಅಥವಾ ಸಹಕಾರ ಸಂಘದ ಪಟ್ಟಿಗಳನ್ನು ಜೋಪಾನ ಮಾಡಿ. ಇಂಥ ಖರೀದಿ ಆದಾಯ ತೆರಿಗೆ ಇಲಾಖೆಯ ಗಮನಕ್ಕೆ ಬಂದೇ ಬರುತ್ತದೆ.

ಆರ್‌ಟಿಜಿಎಸ್ ಮಾಡುವ ಮೊದಲು ಡೀಲರಿನ ಜಿಎಸ್‌ಟಿ ಸಂಖ್ಯೆಯನ್ನು ಸರ್ಕಾರಿ ಜಿಎಸ್‌ಟಿ ಜಾಲತಾಣದಲ್ಲಿ ಹುಡುಕಿ. ಹದಿನೈದು ಅಕ್ಷರಾಂಕಿಗಳ ಆ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯವನ್ನು ಸೂಚಿಸುತ್ತವೆ. ಕರ್ನಾಟಕಕ್ಕೆ 29. ನಂತರದ ಹತ್ತು ಆ ಸಂಸ್ಥೆಯ ಪ್ಯಾನ್. ಅಲ್ಲಿ ಕಾಣುವ ಕಾನೂನುಬದ್ಧ ಹೆಸರೂ ಬ್ಯಾಂಕ್ ಖಾತೆಯ ಹೆಸರೂ ಹೊಂದಬೇಕು. ಆರ್‌ಟಿಜಿಎಸ್ ಮತ್ತು ನೆಫ್ಟ್‌ನಲ್ಲಿ ಹಣ ಪಡೆಯುವವರ ಹೆಸರನ್ನು ಕಳುಹಿಸುವ ಮುನ್ನವೇ ತೋರಿಸುವ ಸೌಲಭ್ಯವನ್ನು ರಿಸರ್ವ್ ಬ್ಯಾಂಕ್ 2025ರಿಂದ ಕಡ್ಡಾಯಗೊಳಿಸಿದೆ, ಅದನ್ನು ಬಳಸಿ. ಮಾರಾಟ ಪ್ರತಿನಿಧಿಯ ವೈಯಕ್ತಿಕ ಖಾತೆ, ಯುಪಿಐ, ‘ಸಹೋದರ ಸಂಸ್ಥೆ’ಯ ಖಾತೆ, ಕೊನೆಯ ಗಳಿಗೆಯಲ್ಲಿ ಇ-ಮೇಲ್‌ನಲ್ಲಿ ಬದಲಾದ ಖಾತೆ ಸಂಖ್ಯೆ, ಇವುಗಳಲ್ಲಿ ಯಾವುದು ಕಂಡರೂ ನಿಲ್ಲಿಸಿ, ಷೋರೂಮಿನ ಸ್ಥಿರ ದೂರವಾಣಿಗೆ ನೀವಾಗಿಯೇ ಕರೆಮಾಡಿ ವಿಚಾರಿಸಿ.

ಹಣ ತಲುಪಿದ ದಿನವೇ ರಸೀದಿ ಪಡೆಯಿರಿ. ಯುಟಿಆರ್ ಸಂಖ್ಯೆ (ಹಣ ವರ್ಗಾವಣೆಗೆ ಬ್ಯಾಂಕು ಕೊಡುವ ಗುರುತಿನ ಸಂಖ್ಯೆ), ಆರ್ಡರ್ ಸಂಖ್ಯೆ ಮತ್ತು ನಿಮ್ಮ ಪ್ಯಾನ್ ಮೂರೂ ಅದರಲ್ಲಿರಲಿ. ಬರೀ ‘ಅಡ್ವಾನ್ಸ್ ಸ್ವೀಕರಿಸಲಾಗಿದೆ’ ಎಂದು ಬರೆದ ಚೀಟಿ ಸಾಲದು.

ಹಂತ 7: ಕಾರಿನ ವಿವರಗಳನ್ನು ಅಂತಿಮಗೊಳಿಸಿ

ಬಣ್ಣ, ಸೀಟು, ಚಕ್ರಗಳ ಆಯ್ಕೆ ನಿಮ್ಮಿಷ್ಟ. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ಮುಂಭಾಗವನ್ನು ಎತ್ತುವ ಲಿಫ್ಟ್ ವ್ಯವಸ್ಥೆ ಲಭ್ಯವಿದ್ದರೆ ಬಿಡಬೇಡಿ. ಹೆದ್ದಾರಿ 48ರಲ್ಲಿ ಹಾಯಾಗಿ ಬಂದ ಕಾರು ಸರ್ವಿಸ್ ರಸ್ತೆಗೆ ಇಳಿದ ಕೂಡಲೇ ಹಂಪ್‌ಗಳ ಸಾಲು ಎದುರಾಗುತ್ತದೆ. ಕಾರು ತಯಾರಾದ ಮೇಲೆ ಈ ಲಿಫ್ಟನ್ನು ಜೋಡಿಸುವುದು ದುಬಾರಿ, ಕೆಲವು ಮಾದರಿಗಳಲ್ಲಿ ಸಾಧ್ಯವೂ ಇಲ್ಲ. ಅಂತಿಮ ಪಟ್ಟಿಯ ಪ್ರತಿ ಪುಟಕ್ಕೂ ಎರಡೂ ಕಡೆಯವರ ಸಹಿ ಬೀಳಲಿ. ಇಲ್ಲಿಂದ ಮುಂದೆ ಹಿಂದೆ ಸರಿದರೆ ಕಡಿತ ಶುರುವಾಗುತ್ತದೆ.

ಹಂತ 8: ಕಾಯುವ ಕಾಲದ ಕೆಲಸ

ತಿಂಗಳಿಗೊಮ್ಮೆ ಸ್ಥಿತಿಗತಿಯನ್ನು ಇ-ಮೇಲ್‌ನಲ್ಲಿ ಕೇಳಿ. ಎರಡನೆಯ ಕಂತನ್ನು ಹದಿನೇಳು ಅಕ್ಷರಾಂಕಿಗಳ ಚಾಸಿ ಸಂಖ್ಯೆ ಕೊಡುವ ಮೊದಲು ಕಟ್ಟಬೇಡಿ. ತಯಾರಿಕೆಯ ತಿಂಗಳು ಮತ್ತೆ ಮತ್ತೆ ಮುಂದೆ ಹೋಗುವುದು, ಪ್ರತಿನಿಧಿ ಬದಲಾದರೂ ನಿಮಗೆ ತಿಳಿಸದಿರುವುದು, ಒಪ್ಪಂದದಲ್ಲಿಲ್ಲದ ಕಂತನ್ನು ತುರ್ತಾಗಿ ಕೇಳುವುದು ಅಪಾಯದ ಲಕ್ಷಣಗಳು. ಮೂರನೆಯದು ಕಂಡರೆ ಆ ಸಂಸ್ಥೆಯ ಹಣಕಾಸಿನ ಸ್ಥಿತಿಯನ್ನೇ ಅನುಮಾನಿಸಬೇಕು.

ಹಂತ 9: ಪರಿಶೀಲನೆ ಮತ್ತು ನೋಂದಣಿ

ಬಾಕಿ ಹಣಕ್ಕೆ ಮೊದಲು ಕಾರನ್ನು ಹಗಲು ಬೆಳಕಿನಲ್ಲಿ ನೋಡಿ. ಚಾಸಿ ಸಂಖ್ಯೆ, ಸೀಮಿತ ಆವೃತ್ತಿಯ ಕ್ರಮಸಂಖ್ಯೆಯ ಫಲಕ, ತಯಾರಾದ ತಿಂಗಳು ಮತ್ತು ಸಹಿಯಾದ ವಿವರಪಟ್ಟಿ ಒಂದಕ್ಕೊಂದು ಹೊಂದಬೇಕು. ಆಮದಿನ ಕಾರಾದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿಯ (ಆಮದು ಮತ್ತು ಸುಂಕದ ದಾಖಲೆಯ) ಪ್ರತಿ, ಜೊತೆಗೆ ನಮೂನೆ 21ರ ಮಾರಾಟ ಪತ್ರ ಮತ್ತು ಕಾರು ರಸ್ತೆಗೆ ಯೋಗ್ಯವೆಂದು ತಯಾರಕರು ಕೊಡುವ ನಮೂನೆ 22ರ ಪ್ರಮಾಣಪತ್ರ ಕೇಳಿ ಪಡೆಯಿರಿ.

ಡೀಲರು ಕರ್ನಾಟಕದವರಾದರೆ ನೋಂದಣಿ ಅರ್ಜಿಯನ್ನು ಅವರೇ ಸಲ್ಲಿಸಬೇಕು, ನೋಂದಣಿ ಸಂಖ್ಯೆ ಹಾಕದೆ ಕಾರನ್ನು ಕೊಡುವಂತಿಲ್ಲ. ದಾವಣಗೆರೆಯ ಕೆಎ-17 ಅಥವಾ ಚಿತ್ರದುರ್ಗದ ಕೆಎ-16 ಸಂಖ್ಯೆಯೇ ಬೇಕೆಂದಿದ್ದರೆ ಬುಕಿಂಗ್ ಫಾರ್ಮಿನಲ್ಲಿಯೇ ಬರೆಸಿ. ಇಲ್ಲದಿದ್ದರೆ ಅನುಕೂಲಕ್ಕೆಂದು ಬೆಂಗಳೂರಿನಲ್ಲಿಯೇ ಮುಗಿಸಲು ನೋಡುತ್ತಾರೆ. ಫ್ಯಾನ್ಸಿ ಸಂಖ್ಯೆ ಹರಾಜಿನಲ್ಲಿ ಸಿಗುವುದರಿಂದ ವಿತರಣೆಯ ದಿನ ಹೊಂದಿಸುವಾಗ ಅದಕ್ಕೂ ಬಿಡುವಿರಲಿ. ಡೀಲರು ಮುಂಬೈ ಅಥವಾ ದೆಹಲಿಯವರಾದರೆ ತಾತ್ಕಾಲಿಕ ನೋಂದಣಿಯ ಮೇಲೆ ಕಾರು ಬರುತ್ತದೆ. ಹಾಗೆ ಬರುವಾಗ ಅದು ಟ್ರಕ್ಕಿನ ಮೇಲೆ ಬರಲಿ, ದಾರಿಯ ವಿಮೆ ಯಾರದೆಂದು ಮೊದಲೇ ತೀರ್ಮಾನವಾಗಲಿ.

ಹಂತ 10: ಮುಂಗಡ ಹಿಂದಕ್ಕೆ ಪಡೆಯಬೇಕಾಗಿ ಬಂದರೆ

ಫೋನಿನಲ್ಲಿ ಕೂಗಾಡಿದ್ದು ದಾಖಲೆಯಾಗುವುದಿಲ್ಲ. ಮೊದಲು ರದ್ದತಿಯ ಇ-ಮೇಲ್, ಅದಕ್ಕೆ ರಸೀದಿಯ ಪ್ರತಿ ಮತ್ತು ಹಣ ಹಿಂದಿರುಗಿಸಲು ನಿರ್ದಿಷ್ಟ ಗಡುವು ಸೇರಿಸಿ. ತಯಾರಕರ ಭಾರತೀಯ ಘಟಕಕ್ಕೂ ಪ್ರತಿ ಕಳುಹಿಸಿ. ಉತ್ತರ ಬಾರದಿದ್ದರೆ ನೋಂದಾಯಿತ ಅಂಚೆಯಲ್ಲಿ ವಕೀಲರ ನೋಟಿಸ್. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಬಹುದು, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. 2019ರ ಕಾಯಿದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದಾದ್ದರಿಂದ, ಡೀಲರು ಎಲ್ಲಿಯವರಾದರೂ ನೀವು ದಾವಣಗೆರೆ ಅಥವಾ ಚಿತ್ರದುರ್ಗದ ಆಯೋಗಕ್ಕೇ ಹೋಗಬಹುದು. ಬೇರೂರಿನ ನ್ಯಾಯಾಲಯಕ್ಕೆ ಮಾತ್ರ ಅಧಿಕಾರ ಎಂದು ಫಾರ್ಮಿನಲ್ಲಿ ಅಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ಸುಮ್ಮನಾಗಬೇಡಿ. ಯಾವ ಆಯೋಗ ಎಂಬುದು ಪಾವತಿಸಿದ ಮೊತ್ತದ ಮೇಲೆ ನಿಂತಿದೆ: 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅದರಿಂದ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕೂ ಮೀರಿದರೆ ರಾಷ್ಟ್ರೀಯ ಆಯೋಗ. ಮುಂಗಡವನ್ನು 50 ಲಕ್ಷದೊಳಗೆ ಇಟ್ಟುಕೊಳ್ಳುವುದಕ್ಕೆ ಇದೂ ಒಂದು ಕಾರಣ. ದೂರಿಗೆ ಎರಡು ವರ್ಷಗಳ ಕಾಲಮಿತಿ ಇದೆ, ಅದು ವ್ಯಾಜ್ಯದ ಕಾರಣ ಉಂಟಾದ ದಿನದಿಂದ ಎಣಿಕೆಯಾಗುತ್ತದೆ. ‘ಮುಂದಿನ ತಿಂಗಳು ಕೊಡುತ್ತೇವೆ’ ಎಂಬ ಮಾತು ಎರಡನೆಯ ಸಲ ಬಂದಾಗಲೇ ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ವಕೀಲರ ಮೇಜಿನ ಮೇಲೆ ಇಡಿ.